ಒಲೆ ನೋಡಲು ಬಂದವನು

2016ರ ಅಕ್ಟೋಬರ್ ತಿಂಗಳಲ್ಲಿ ನಾನು ದಕ್ಷಿಣ ಜರ್ಮನಿಯ ಒಂದು ಸಣ್ಣ ಪಟ್ಟಣದಲ್ಲಿದ್ದೆ. ಮಗಳೂ ಅಳಿಯನೂ ಅಲ್ಲಿ ಕೆಲಸದಲ್ಲಿದ್ದರು. ಐದು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳುವ ನೆಪದಲ್ಲಿ, ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಕರೆಸಿಕೊಂಡಿದ್ದರು. ಹಳೆಯ ಕಾಲದ ಮಾಳಿಗೆ ಮನೆ. ಕೆಳಗೆ ಮನೆಯೊಡತಿ, ಎಂಬತ್ತರ ಸಮೀಪದ ವಿಧವೆ; ಮೇಲೆ ನಾವು. ಒಂದು ದಿನ ಮೆಟ್ಟಿಲ ಬಳಿಯ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿ ಹೋಗಿದ್ದರು. ಮಗಳು ಓದಿ ಹೇಳಿದಳು: ಮುಂದಿನ ಮಂಗಳವಾರ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಚಿಮಣಿ ಗುಡಿಸುವವನು ಬರುತ್ತಾನೆ, ಒಲೆಯಿರುವ ಕೋಣೆಗಳನ್ನು ತೆರೆದಿಡಬೇಕು. ಬರಬಹುದೇ ಎಂಬ ಪ್ರಶ್ನೆ ಚೀಟಿಯಲ್ಲಿ ಇರಲಿಲ್ಲ. "ಬೇಡ ಎಂದರೆ?" ಎಂದು ಕೇಳಿದೆ. "ಹಾಗೆ ಹೇಳುವ ಹಾಗಿಲ್ಲ ಅಪ್ಪ, ಕಾನೂನು" ಎಂದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲೆಂಡಿನ ಇತಿಹಾಸ ಪಾಠ ಹೇಳಿದವನು ನಾನು. ಇಂಗ್ಲಿಷಿನವನಿಗೆ ತನ್ನ ಮನೆಯೇ ಕೋಟೆ ಎಂಬ ಮಾತನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೆನೋ ಲೆಕ್ಕವಿಲ್ಲ. ಪರರ ಒಲೆಯನ್ನು ನೋಡಲು ಸರ್ಕಾರದ ಬಲದಿಂದ ಒಬ್ಬ ಮನುಷ್ಯ ಒಳಗೆ ಬರುತ್ತಾನೆಂಬುದು ನನಗೆ ಅಷ್ಟು ಹಿತವೆನಿಸಲಿಲ್ಲ. ಕೆಳಗಿನ ಮುದುಕಿಗೆ ಮಾತ್ರ ಅದು ಹಬ್ಬದಂತೆ ಕಂಡಿತು. ಆಕೆ ಕಾಫಿಯ ಬಟ್ಟಲನ್ನು ಮುಂಚಿತವಾಗಿಯೇ ತೆಗೆದಿಟ್ಟಳು.

ಮಂಗಳವಾರ ಎಂಟು ಗಂಟೆ ಹತ್ತು ನಿಮಿಷಕ್ಕೆ ಅವನು ಬಂದ. ಕಪ್ಪು ಅಂಗಿ, ಕಪ್ಪು ಷರಾಯಿ, ಅಂಗಿಗೆ ಎರಡು ಸಾಲು ಹೊಳೆಯುವ ಗುಂಡಿಗಳು, ಕೊರಳಿಗೆ ಬಿಳಿಯ ವಸ್ತ್ರ, ಹೆಗಲಿನಲ್ಲಿ ಸುರುಳಿ ಸುತ್ತಿದ ತಂತಿಯ ಕುಂಚ. ಮನೆಯೊಡತಿ ಬಾಗಿಲು ತೆರೆದವಳೇ ಮೊದಲು ಅವನ ಅಂಗಿಯ ಒಂದು ಗುಂಡಿಯನ್ನು ಬೆರಳಿನಿಂದ ಮುಟ್ಟಿ ನಕ್ಕಳು. ಜರ್ಮನರಲ್ಲಿ ಇವನ ದರ್ಶನ ಶುಭಶಕುನ. ಗುಂಡಿ ಮುಟ್ಟಿದರೆ ಭಾಗ್ಯ. ಹೊಸ ವರ್ಷದ ಶುಭಾಶಯದ ಕಾರ್ಡುಗಳ ಮೇಲೆ ಇವನದೇ ಚಿತ್ರ. ಮಸಿ ಮೆತ್ತಿಕೊಂಡವನು ಎದುರಾದರೆ ನಾವು ಏನೆಂದುಕೊಳ್ಳುತ್ತೇವೆಂಬುದನ್ನು ಹೇಳಬೇಕಾಗಿಲ್ಲ.

ಅವನು ಅಟ್ಟಕ್ಕೆ ಹತ್ತಿ, ಹೊಗೆಯ ಕೊಳವೆಯ ಬಾಗಿಲು ತೆರೆದು, ಕಬ್ಬಿಣದ ಗುಂಡು ಕಟ್ಟಿದ ಕುಂಚವನ್ನು ಇಳಿಯಬಿಟ್ಟ. ಎರಡು ಮಾರು ಇಳಿದು ಅದು ನಿಂತುಬಿಟ್ಟಿತು. ಮತ್ತೆ ಎತ್ತಿ ಬಿಟ್ಟ, ಮತ್ತೆ ನಿಂತಿತು. ಅರ್ಧ ಗಂಟೆಯ ಮೇಲೆ ಕೆಳಗಿನ ಮಸಿಬಾಗಿಲಿನಿಂದ ಅವನು ಹೊರಗೆಳೆದದ್ದು ಒಂದು ಬುಟ್ಟಿ ತುಂಬ ಕಡ್ಡಿ, ಪಾಚಿ, ಗರಿ. ಕಾಗೆಯ ಜಾತಿಯದೇ ಆದ ಒಂದು ಸಣ್ಣ ಹಕ್ಕಿ ವಸಂತದಲ್ಲಿ ಅಲ್ಲಿ ಗೂಡು ಕಟ್ಟಿ, ಮರಿಮಾಡಿ, ಹಾರಿಹೋಗಿತ್ತು. "ಈ ಒಲೆಯನ್ನು ಈಚೆಗೆ ಹಚ್ಚಿದಿರಾ?" ಎಂದು ಕೇಳಿದ. ಇಲ್ಲ, ಶನಿವಾರ ಹಚ್ಚಬೇಕೆಂದು ಸೌದೆ ತಂದಿಟ್ಟಿದ್ದೇನೆ ಎಂದೆ. ಮಗಳು ಅನುವಾದಿಸಿದಳು. ಅವನು ಸೌದೆಯ ಕಡೆ ಒಮ್ಮೆ ನೋಡಿ, ಮೊಮ್ಮಗಳ ಮಂಚದ ಕಡೆ ಒಮ್ಮೆ ನೋಡಿ, ಸಾವಧಾನವಾಗಿ ಹೇಳಿದ: ಹೊಗೆ ಬಂದರೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರುತ್ತದೆ, ಜನ ಎದ್ದು ಓಡುತ್ತಾರೆ. ಕೆಂಡದಿಂದ ಬರುವ ಇನ್ನೊಂದು ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿಯೇ ಇರುತ್ತಾರೆ. ಇಷ್ಟು ಹೇಳಿ ಕಾಫಿ ಕುಡಿದು, ರಸೀದಿ ಬರೆದುಕೊಟ್ಟು ಹೋದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 1788, 1834, 1840 ಎಂದು ಪರೀಕ್ಷೆಗಾಗಿ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದ ಇಸವಿಗಳು ಒಂದೊಂದಾಗಿ ನೆನಪಿಗೆ ಬಂದವು. ಮನೆಯೊಳಗಿನ ಬೆಂಕಿಯನ್ನು ನೋಡಲು ಹೊರಗಿನವನಿಗೆ ಅಧಿಕಾರವಿರಬೇಕೇ ಎಂಬುದು ಯೂರೋಪಿನ ಜನ ಮುನ್ನೂರು ವರ್ಷ ಜಗಳವಾಡಿದ ಪ್ರಶ್ನೆ. ಆ ಜಗಳದ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಚಿಮಣಿ ಎಂದರೆ ನಮ್ಮ ಉತ್ತರ ಕರ್ನಾಟಕದ ಕಡೆಯವರಿಗೆ ಮೊದಲು ನೆನಪಾಗುವುದು ಸೀಮೆಎಣ್ಣೆಯ ಬುಡ್ಡಿ. ಹೊಗೆಗೂಡು ನಮ್ಮ ಹಳೆಯ ಮನೆಗಳಿಗೆ ಅಪರಿಚಿತ. ಅಡಿಗೆಮನೆಯ ಹೊಗೆ ಗವಾಕ್ಷಿಯಿಂದಲೋ ಹೆಂಚಿನ ಸಂದಿಯಿಂದಲೋ ತನಗೆ ತೋಚಿದಂತೆ ಹೊರಬೀಳುತ್ತಿತ್ತು. ಉಳಿದದ್ದು ಜಂತಿಗೆ ಇಲ್ಲಣವಾಗಿ ಜೋಲುತ್ತಿತ್ತು. ಹೊಗೆ ತಾಗಿದ ಮರಕ್ಕೆ ಹುಳು ಹಿಡಿಯುವುದಿಲ್ಲ ಎಂದು ನಮ್ಮ ಹಿರಿಯರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಹಿರಿಯರೂ ಇದನ್ನೇ ಹೇಳುತ್ತಿದ್ದರೆಂದರೆ ಸೋಜಿಗವಾದೀತು. 1577ರಲ್ಲಿ ತನ್ನ ದೇಶದ ವರ್ಣನೆಯನ್ನು ಬರೆದ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ, ತನ್ನ ಹಳ್ಳಿಯ ಮುದುಕರು ಕಂಡ ಮಹಾ ಬದಲಾವಣೆಗಳಲ್ಲಿ ಒಂದು ಈಚೆಗೆ ಎದ್ದು ನಿಂತ ಹೊಗೆಗೂಡುಗಳ ಸಂಖ್ಯೆಯೆಂದು ಹೇಳುತ್ತಾನೆ. ಹಿಂದೆ ನಡುಮನೆಯಲ್ಲೇ ಬೆಂಕಿ, ಸೂರಿನ ಕಂಡಿಯಿಂದ ಹೊಗೆ. ಆ ಹೊಗೆ ಮನೆಯ ತೊಲೆಗೂ ಯಜಮಾನನ ದೇಹಕ್ಕೂ ಔಷಧವೆಂದು ಜನ ನಂಬಿದ್ದರಂತೆ. ಆದರೆ ಚಳಿಯ ದೇಶದಲ್ಲಿ ಬೆಂಕಿ ಅಡಿಗೆಗೆ ಮಾತ್ರವಲ್ಲ; ಕೂರಲು, ಓದಲು, ಮಲಗಲು ಪ್ರತಿ ಕೋಣೆಗೂ ಬೇಕು. ಕೋಣೆಗೊಂದು ಒಲೆಯಾಯಿತು, ಒಲೆಗೊಂದು ಕೊಳವೆಯಾಯಿತು. ಸೌದೆ ತುಟ್ಟಿಯಾಗಿ ನ್ಯೂಕಾಸಲ್ಲಿನ ಕಲ್ಲಿದ್ದಲು ಹಡಗಿನಲ್ಲಿ ಲಂಡನ್ನಿಗೆ ಬಂತು. 1661ರ ಹೊತ್ತಿಗೆ ಜಾನ್ ಈವ್ಲಿನ್ ಲಂಡನ್ನಿನ ಹೊಗೆಯನ್ನು ನಿವಾರಿಸುವ ಬಗೆಯನ್ನು ಕುರಿತು ಒಂದು ಪುಸ್ತಕವನ್ನೇ ಬರೆದು ರಾಜನಿಗೆ ಅರ್ಪಿಸಿದ.

ರಾಜ ಎರಡನೆಯ ಚಾರ್ಲ್ಸನಿಗೆ ಹೊಗೆಗಿಂತ ಹಣದ ಚಿಂತೆ ದೊಡ್ಡದು. ಮರುವರ್ಷವೇ, 1662ರಲ್ಲಿ, ಒಲೆತೆರಿಗೆ ಜಾರಿಗೆ ಬಂತು. ಒಲೆಯೊಂದಕ್ಕೆ ವರ್ಷಕ್ಕೆ ಎರಡು ಷಿಲಿಂಗ್, ಎರಡು ಕಂತು. ತೀರ ಬಡವರಿಗೆ ವಿನಾಯಿತಿ ಇತ್ತು. ತೆರಿಗೆಯ ತತ್ತ್ವದಲ್ಲಿ ದೊಡ್ಡ ಅನ್ಯಾಯವೂ ಇರಲಿಲ್ಲ, ದೊಡ್ಡ ಮನೆಗೆ ಹೆಚ್ಚು ಒಲೆ, ಹೆಚ್ಚು ತೆರಿಗೆ. ಜನ ಸಿಡಿದೆದ್ದದ್ದು ಬೇರೆ ಕಾರಣಕ್ಕೆ. ಒಲೆಗಳನ್ನು ಎಣಿಸಬೇಕಾದರೆ ಅಧಿಕಾರಿ ಒಳಗೆ ಬರಬೇಕು. ಮಲಗುವ ಮನೆಗೂ ಬರಬೇಕು. "ಚಿಮಣಿಯವನು" ಎಂಬುದು ಬೈಗುಳವಾಯಿತು. ಜನ ಒಲೆಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿಟ್ಟರು. ಆಕ್ಸ್‌ಫರ್ಡ್ ಸೀಮೆಯ ಚರ್ಚಿಲ್ ಎಂಬ ಹಳ್ಳಿಯಲ್ಲಿ ರೊಟ್ಟಿ ಸುಡುವ ಹೆಂಗಸೊಬ್ಬಳು ತೆರಿಗೆ ತಪ್ಪಿಸಲು ತನ್ನ ಒಲೆಯ ಹೊಗೆಯನ್ನು ಗೋಡೆ ಕೊರೆದು ನೆರೆಮನೆಯ ಕೊಳವೆಗೆ ತಿರುಗಿಸಿದಳೆಂದೂ, ಅದರಿಂದ ಹೊತ್ತಿಕೊಂಡ ಬೆಂಕಿಗೆ 1684ರಲ್ಲಿ ಇಪ್ಪತ್ತು ಮನೆಗಳೂ ನಾಲ್ಕು ಜೀವಗಳೂ ಆಹುತಿಯಾದವೆಂದೂ ಹೇಳುತ್ತಾರೆ. (ಅದೇ ಹಳ್ಳಿಯಲ್ಲಿ 1732ರಲ್ಲಿ ಹುಟ್ಟಿದ ಮಗು ಮುಂದೆ ವಾರನ್ ಹೇಸ್ಟಿಂಗ್ಸ್ ಎಂಬ ಹೆಸರಿನಿಂದ ನಮ್ಮ ದೇಶಕ್ಕೆ ಬಂದು ತೆರಿಗೆಯ ವಿಷಯದಲ್ಲಿ ಏನು ಮಾಡಿತೆಂಬುದು ಬೇರೆಯೇ ಉಪನ್ಯಾಸವಾದೀತು.) 1689ರಲ್ಲಿ ಹೊಸ ದೊರೆಗಳಾದ ವಿಲಿಯಂ ಮತ್ತು ಮೇರಿ ಪಟ್ಟಕ್ಕೆ ಬಂದಾಗ ಪ್ರಜೆಗಳನ್ನು ಒಲಿಸಿಕೊಳ್ಳಲು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಈ ತೆರಿಗೆಯನ್ನು ರದ್ದುಮಾಡಿದ್ದು. ಪ್ರತಿಯೊಬ್ಬನ ಮನೆಯನ್ನೂ ಗುರುತಿಲ್ಲದವರು ಹೊಕ್ಕು ಶೋಧಿಸುವಂತಾಗುವುದು ಇಡೀ ಜನತೆಯ ಮೇಲೆ ಗುಲಾಮಗಿರಿಯ ಮುದ್ರೆ ಒತ್ತಿದಂತೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಇದನ್ನು ನಾನು ತರಗತಿಯಲ್ಲಿ ಸ್ವಾತಂತ್ರ್ಯದ ವಿಜಯವೆಂದೇ ಹೇಳಿಕೊಂಡು ಬಂದೆ. ಸುಳ್ಳೇನೂ ಅಲ್ಲ. ಆದರೆ ಪಾಠ ಅಲ್ಲಿಗೆ ಮುಗಿಸಿಬಿಡುತ್ತಿದ್ದೆನಲ್ಲ, ಅದು ತಪ್ಪು. ಬಾಗಿಲು ಮುಚ್ಚಿತು, ಒಳಗೆ ಒಲೆ ಉರಿಯುತ್ತಲೇ ಇತ್ತು, ಕಲ್ಲಿದ್ದಲಿನ ಮಸಿ ಕೊಳವೆಯಲ್ಲಿ ಕಟ್ಟುತ್ತಲೇ ಇತ್ತು. ಕಟ್ಟಿದ ಮಸಿ ಹೊತ್ತಿಕೊಂಡರೆ ಮನೆ ಸುಡುತ್ತದೆ. 1666ರ ಮಹಾಬೆಂಕಿಯನ್ನು ಕಂಡ ಲಂಡನ್ನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗುಡಿಸುವವರು ಯಾರು?

ಇಂಗ್ಲೆಂಡ್ ಕಂಡುಕೊಂಡ ಉತ್ತರ ಮಕ್ಕಳು. ಕಲ್ಲಿದ್ದಲಿನ ಹೊಗೆಯನ್ನು ಸೆಳೆಯಲು ಕೊಳವೆ ಕಿರಿದಾಗಿರಬೇಕು. ಎಷ್ಟೋ ಕೊಳವೆಗಳು ಹದಿನಾಲ್ಕು ಅಂಗುಲ ಉದ್ದ, ಒಂಬತ್ತು ಅಂಗುಲ ಅಗಲ. ಅದಕ್ಕಿಂತ ಕಿರಿದಾದವೂ ಇದ್ದವು. ಒಂದೇ ಮನೆಯಲ್ಲಿ ಹಲವು ಕೊಳವೆಗಳು ಅಡ್ಡ ತಿರುಗಿ, ಮೊಣಕೈಯಂತೆ ಬಾಗಿ, ಒಂದರೊಳಗೊಂದು ಸೇರುತ್ತಿದ್ದವು. ದೊಡ್ಡವರು ಹಿಡಿಸುವಂತಿಲ್ಲ. ಅನಾಥರನ್ನೂ ಬಡವರ ಮಕ್ಕಳನ್ನೂ ಗುಡಿಸುವ ಯಜಮಾನರು ಕೆಲಸ ಕಲಿಸುವ ಕರಾರಿನ ಮೇಲೆ ತೆಗೆದುಕೊಳ್ಳುತ್ತಿದ್ದರು. ಅನಾಥರ ಪೋಷಣೆಯ ಹೊಣೆ ಹೊತ್ತ ಊರಿನ ಮಂಡಲಿಗಳು, ಹೊಣೆ ಕಳೆದರೆ ಸಾಕೆಂದು ಯಜಮಾನನಿಗೇ ಹಣ ಕೊಟ್ಟು ಮಗುವನ್ನು ಒಪ್ಪಿಸುತ್ತಿದ್ದವು. ಐದು ಆರು ವರ್ಷದ ಮಗು ಬೆನ್ನನ್ನು ಒಂದು ಗೋಡೆಗೆ, ಮೊಣಕಾಲನ್ನು ಎದುರು ಗೋಡೆಗೆ ಒತ್ತಿ, ಒಂದು ಕೈಯಲ್ಲಿ ಕುಂಚ ಹಿಡಿದು ಕತ್ತಲೆಯಲ್ಲಿ ಮೇಲೇರಬೇಕು. ಮೊದಮೊದಲು ಮೊಣಕೈ ಮೊಣಕಾಲಿನ ಚರ್ಮ ಕಿತ್ತುಬರುತ್ತಿತ್ತು. ಅದು ಗಟ್ಟಿಯಾಗಲೆಂದು ಬೆಂಕಿಯ ಮುಂದೆ ನಿಲ್ಲಿಸಿ ಉಪ್ಪುನೀರಿನಿಂದ ಉಜ್ಜುತ್ತಿದ್ದರು. ಮೊಣಕಾಲು ಗದ್ದಕ್ಕೆ ಸಿಕ್ಕಿಕೊಂಡು ನಡುವೆ ಬಿಗಿದುನಿಂತರೆ, ಗೋಡೆ ಒಡೆದು ತೆಗೆಯುವಷ್ಟರಲ್ಲಿ ಎಷ್ಟೋ ವೇಳೆ ಮಗು ಬದುಕಿರುತ್ತಿರಲಿಲ್ಲ. ಬದುಕಿ ಬೆಳೆದವರಿಗೆ ಮತ್ತೊಂದು ಕಾದಿತ್ತು. ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯ 1775ರಲ್ಲಿ ಈ ಕಸುಬಿನವರ ವೃಷಣಚೀಲದಲ್ಲಿ ಏಳುವ ಹುಣ್ಣು ಮಸಿಯಿಂದಲೇ ಬರುವ ಕ್ಯಾನ್ಸರ್ ಎಂದು ತೋರಿಸಿದ. ಒಂದು ಕಸುಬು ಒಂದು ಕ್ಯಾನ್ಸರಿಗೆ ಕಾರಣವೆಂದು ವೈದ್ಯಶಾಸ್ತ್ರ ಮೊದಲು ಗುರುತಿಸಿದ ಸಂದರ್ಭಗಳಲ್ಲಿ ಅದು ಒಂದು.

ಗೂಡು ಸಿಕ್ಕ ಮರುದಿನ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಹಳೆಯ ವೃತ್ತಪತ್ರಿಕೆಯನ್ನು ಹದಿನಾಲ್ಕು ಅಂಗುಲ, ಒಂಬತ್ತು ಅಂಗುಲಕ್ಕೆ ಕತ್ತರಿಸಿ ನೆಲದ ಮೇಲಿಟ್ಟೆ. ಮೊಮ್ಮಗಳು ಅದೇನೋ ಆಟವೆಂದು ಓಡಿಬಂದು ಅದರ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಳು. ಸರಿಯಾಗಿ ಹಿಡಿಸಿದಳು. ನಾನು ಕಾಗದವನ್ನು ಮಡಿಸಿ ಒಳಗಿಟ್ಟುಬಿಟ್ಟೆ.

ಸಾಹಿತ್ಯದ ಓದುಗರಿಗೆ ಈ ಹುಡುಗರು ಹೊಸಬರಲ್ಲ. ಬ್ಲೇಕ್ ಕವಿ ಇವರನ್ನು ಕುರಿತು 1789ರಲ್ಲಿ ಒಂದು, 1794ರಲ್ಲಿ ಒಂದು ಕವಿತೆ ಬರೆದ. ಎರಡಕ್ಕೂ ಒಂದೇ ಹೆಸರು, ಸ್ವರ ಮಾತ್ರ ಬೇರೆ. ಚಾರ್ಲ್ಸ್ ಲ್ಯಾಂಬ್ 1822ರ ತನ್ನ ಪ್ರಬಂಧದಲ್ಲಿ ಇವರನ್ನು ವಾತ್ಸಲ್ಯದಿಂದ ಕಂಡ. ಲ್ಯಾಂಬನ ಆ ಪ್ರಬಂಧ ನನಗೆ ಬಹು ಪ್ರಿಯವಾಗಿತ್ತು. ಈಗ ಓದಿದರೆ ಅಲ್ಲಿನ ನಗೆ ಎಲ್ಲೋ ಗಂಟಲಿಗೆ ಅಡರುತ್ತದೆ. ಹುಡುಗರಿಗೆ ಒಂದು ದಿನ ಸೊಗಸಾದ ಊಟ ಹಾಕಿಸುವ ಮಿತ್ರನನ್ನು ಕೊಂಡಾಡುವ ಲೇಖಕ, ಮರುದಿನ ಅವರು ಮತ್ತೆ ಕೊಳವೆ ಹತ್ತುವುದನ್ನು ತಡೆಯಬೇಕೆಂದು ಹೇಳುವುದಿಲ್ಲ. ಸಿಡ್ನಿ ಸ್ಮಿತ್ ಎಂಬ ವಿನೋದಶಾಲಿ ಪಾದ್ರಿ 1819ರಲ್ಲಿ ಬರೆದದ್ದು ಇನ್ನೂ ವಿಚಿತ್ರ. ಹುಡುಗರ ಪಾಡನ್ನೆಲ್ಲ, ಓದಿದವರ ಮೈ ಜುಮ್ಮೆನ್ನುವಂತೆ, ವಿವರವಾಗಿ ಬಣ್ಣಿಸಿ, ಕೊನೆಗೆ ಮನೆಗಳಿಗೆ ಬೆಂಕಿ ಬೀಳುವ ಅಪಾಯವಿರುವುದರಿಂದ ಈ ಪದ್ಧತಿಯನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸುವುದು ಆಗದ ಮಾತೆಂದು ತೀರ್ಮಾನಿಸಿಬಿಟ್ಟ. ಆ ಕಾಲದಲ್ಲೇ ಕಾಮನ್ಸ್ ಸಭೆ ಒಪ್ಪಿದ ಮಸೂದೆಯನ್ನು ಲಾರ್ಡ್ಸ್ ಸಭೆ ತಳ್ಳಿಹಾಕಿತು. ದೊಡ್ಡ ಮನೆಗಳಲ್ಲಿ ವಕ್ರವಾದ ಕೊಳವೆಗಳಿದ್ದದ್ದು ಯಾರಿಗೆಂಬುದನ್ನು ನೆನೆಯಬೇಕು.

ಯಂತ್ರವಿರಲಿಲ್ಲವೇ? ಇತ್ತು. ಜಾರ್ಜ್ ಸ್ಮಾರ್ಟ್ 1803ರಲ್ಲೇ ಒಂದರೊಳಗೊಂದು ಸೇರುವ ಕೋಲುಗಳ ಕುಂಚವನ್ನು ಮಾಡಿ ತೋರಿಸಿದ್ದ; 1828ರಲ್ಲಿ ಜೋಸೆಫ್ ಗ್ಲಾಸ್ ಅದನ್ನು ಇನ್ನಷ್ಟು ಸುಧಾರಿಸಿದ. ಕಾನೂನು ಇರಲಿಲ್ಲವೇ? ಅದೂ ಇತ್ತು. 1788ರ ಕಾನೂನು ಎಂಟು ವರ್ಷಕ್ಕೆ ಕಡಿಮೆಯವರನ್ನು ಇಟ್ಟುಕೊಳ್ಳಕೂಡದೆಂದಿತು. ಯಜಮಾನರು ಪರವಾನಗಿ ಪಡೆಯಬೇಕೆಂಬ ಅಂಶ ಮಾತ್ರ ಅದರಲ್ಲಿ ಉಳಿಯಲಿಲ್ಲ. 1834ರದು ವಯಸ್ಸನ್ನು ಏರಿಸಿತು, ಹೊಸ ಕೊಳವೆಗಳ ಅಳತೆಯನ್ನೂ ಗೊತ್ತುಮಾಡಿತು. 1840ರದು ಇಪ್ಪತ್ತೊಂದು ವರ್ಷದೊಳಗಿನ ಯಾರನ್ನೂ ಹತ್ತಿಸಬಾರದೆಂದಿತು. ಕಾಗದದ ಮೇಲೆ ಇದಕ್ಕಿಂತ ಬಿಗಿ ಬೇಕಿಲ್ಲ. ಆದರೂ 1863ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿಯ ಮಕ್ಕಳ ಕಥೆ ಪುಸ್ತಕವಾಗಿ ಹೊರಬಂದಾಗ ಅದರ ನಾಯಕನಾದ ಟಾಮ್ ಎಂಬ ಹುಡುಗ ಕೊಳವೆ ಹತ್ತುತ್ತಲೇ ಇದ್ದಾನೆ. ಮರುವರ್ಷ ಲಾರ್ಡ್ ಷಾಫ್ಟ್‌ಸ್‌ಬರಿ ಇನ್ನೊಂದು ಕಾನೂನು ತಂದ, ಅದೂ ಸಾಲಲಿಲ್ಲ. ಏಕೆಂದರೆ ಪ್ರತಿಯೊಂದು ಕಾನೂನಿನಲ್ಲೂ ಒಂದೇ ಕೊರತೆ: ಹೋಗಿ ನೋಡುವವರು ಯಾರೂ ಇಲ್ಲ. ಕೊಳವೆ ಇರುವುದು ಮನೆಯೊಳಗೆ. ಮನೆಯೊಳಗೆ ನಡೆದದ್ದಕ್ಕೆ ಸಾಕ್ಷಿ ಮನೆಯವರೇ. ಹುಡುಗನನ್ನು ಕರೆಸಿದವರೂ ಅವರೇ. 1689ರಲ್ಲಿ ಮುಚ್ಚಿದ ಬಾಗಿಲು ಇನ್ನೂ ತೆರೆದಿರಲಿಲ್ಲ.

1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಬಳಿಯ ಫುಲ್ಬರ್ನ್ ಎಂಬಲ್ಲಿ, ಮನೋರೋಗಿಗಳ ಆಸ್ಪತ್ರೆಯ ಕೊಳವೆಯೊಂದಕ್ಕೆ ಜಾರ್ಜ್ ಬ್ರೂಸ್ಟರ್ ಎಂಬ ಹನ್ನೊಂದು ವರ್ಷದ ಹುಡುಗನನ್ನು ಅವನ ಯಜಮಾನ ಹತ್ತಿಸಿದ. ಹುಡುಗ ಸಿಕ್ಕಿಕೊಂಡ. ಗೋಡೆ ಕೆಡವಿ ತೆಗೆದರು. ಸ್ವಲ್ಪ ಹೊತ್ತಿಗೆ ತೀರಿಕೊಂಡ. ಯಜಮಾನನಿಗೆ ಆರು ತಿಂಗಳ ಕಠಿಣ ಸಜೆಯಾಯಿತು. ಅದೇ ವರ್ಷ ಷಾಫ್ಟ್‌ಸ್‌ಬರಿ ಕೊನೆಯ ಕಾನೂನನ್ನು ಮಾಡಿಸಿದ. ಅದರಲ್ಲಿ ದಯೆಯ ಮಾತು ಹಿಂದಿನವುಗಳಿಗಿಂತ ಹೆಚ್ಚಾಗಿರಲಿಲ್ಲ. ಗುಡಿಸುವ ಪ್ರತಿಯೊಬ್ಬನೂ ವರ್ಷವರ್ಷವೂ ಪೊಲೀಸಿನವರಿಂದ ಪರವಾನಗಿ ಪಡೆಯಬೇಕು. ಕಾನೂನು ನಡೆಯುವುದೋ ಇಲ್ಲವೋ ನೋಡುವುದು ಪೊಲೀಸಿನವರ ಕರ್ತವ್ಯ. ಇಷ್ಟೇ. ಎಂಬತ್ತೇಳು ವರ್ಷ ಕವಿಗಳಿಂದಲೂ ಪಾದ್ರಿಗಳಿಂದಲೂ ಆಗದಿದ್ದದ್ದು ಒಂದು ಪರವಾನಗಿ ಚೀಟಿಯಿಂದ ಆಯಿತು. ಸಾಹಿತ್ಯದ ಮೇಲೆ ಪ್ರೀತಿಯಿಟ್ಟ ನನ್ನಂಥವನಿಗೆ ಇದನ್ನು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಕಿಂಗ್ಸ್ಲಿಯ ಕಥೆಯನ್ನು ಓದಿದವರ ಕಣ್ಣು ತೇವವಾಗದಿದ್ದರೆ ಆ ಚೀಟಿಯೂ ಹುಟ್ಟುತ್ತಿರಲಿಲ್ಲವೆಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಜರ್ಮನರು ಹಿಡಿದ ದಾರಿ ಬೇರೆ. ಅಲ್ಲಿ ಊರನ್ನು ಹೋಬಳಿಗಳಂತೆ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಗುಡಿಸುವವನನ್ನು ನೇಮಿಸುವ ರೂಢಿ ಹಲವು ಸಂಸ್ಥಾನಗಳಲ್ಲಿ ಹಿಂದಿನಿಂದ ಇತ್ತು. ಅವನ ಸರಹದ್ದಿನ ಮನೆಗಳಿಗೆ ಬೇರೆಯವರು ಕಾಲಿಡುವಂತಿಲ್ಲ. ಮನೆಯವರು ಬೇರೆಯವರನ್ನು ಕರೆಯುವಂತಿಲ್ಲ. 1930ರ ದಶಕದಲ್ಲಿ ಹಿಟ್ಲರನ ಸರ್ಕಾರ ಇದನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಎಲ್ಲ ಮನೆಗಳ ಒಳಗನ್ನೂ ವರ್ಷಕ್ಕೊಮ್ಮೆಯಾದರೂ ಕಾಣುವ ಮನುಷ್ಯ ಅಂಥ ಸರ್ಕಾರಕ್ಕೆ ಎಷ್ಟು ಅಪೇಕ್ಷಣೀಯನೆಂಬುದನ್ನು ಊಹಿಸಬಹುದು. ಒಲೆತೆರಿಗೆಯ ಕಾಲದ ಇಂಗ್ಲಿಷರ ಭಯ ಬರಿಯ ಹಟವಾಗಿರಲಿಲ್ಲ. ಯುದ್ಧ ಮುಗಿದು ಸರ್ಕಾರ ಬದಲಾದರೂ ಪದ್ಧತಿ ಉಳಿಯಿತು. 1969ರಲ್ಲಿ ಪಶ್ಚಿಮ ಜರ್ಮನಿ ಅದಕ್ಕೆ ಹೊಸ ಕಾನೂನನ್ನು ಮಾಡಿಕೊಂಡಿತು. ಯಾರನ್ನು ಕರೆಯಬೇಕೆಂಬ ಆಯ್ಕೆಯೇ ಇಲ್ಲದ ಈ ಏರ್ಪಾಡು ವ್ಯಾಪಾರದ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಯೂರೋಪಿನ ಒಕ್ಕೂಟ ತಕರಾರು ತೆಗೆದ ಮೇಲೆ, 2008ರಲ್ಲಿ ಕಾನೂನು ತಿದ್ದುಪಡಿಯಾಗಿ, 2013ರ ಜನವರಿ 1ರಿಂದ ಗುಡಿಸುವ ಕೆಲಸಕ್ಕೆ ಮನೆಯವರು ತಮಗೆ ಬೇಕಾದ ಅರ್ಹ ಕಸುಬುದಾರನನ್ನು ಕರೆಯಬಹುದಾಯಿತು. ಒಂದನ್ನು ಮಾತ್ರ ಸರ್ಕಾರ ಬಿಟ್ಟುಕೊಡಲಿಲ್ಲ. ಆಯಾ ಸರಹದ್ದಿಗೆ ಏಳು ವರ್ಷದ ಮಟ್ಟಿಗೆ ನೇಮಕವಾದ ಅಧಿಕಾರಿ, ಆ ಅವಧಿಯಲ್ಲಿ ಎರಡು ಸಲ, ತಾನೇ ಬಂದು ಪ್ರತಿ ಒಲೆಯನ್ನೂ ನೋಡಿ, ಯಾವ ಕೆಲಸ ಯಾವ ತಾರೀಖಿನೊಳಗೆ ಆಗಬೇಕೆಂದು ಬರೆದುಕೊಡಬೇಕು. ಮನೆಯ ಏಕಾಂತ ಅನುಲ್ಲಂಘ್ಯವೆಂದು ಜರ್ಮನ್ ಸಂವಿಧಾನ ಹೇಳುತ್ತದೆ. ಇಷ್ಟರ ಮಟ್ಟಿಗೆ ಆ ಹಕ್ಕಿಗೆ ಮಿತಿಯುಂಟೆಂದು ಈ ಕಾನೂನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತದೆ.

ನಮ್ಮ ಮನೆಯೊಡತಿ ಮಾತ್ರ ಹೊಸ ಸ್ವಾತಂತ್ರ್ಯವನ್ನು ಉಪಯೋಗಿಸಿಕೊಂಡಿರಲಿಲ್ಲ. ಗುಡಿಸಲು ಬರುತ್ತಿದ್ದವನೂ ತಪಾಸಣೆಗೆ ಬರುತ್ತಿದ್ದವನೂ ಅದೇ ಹಳೆಯ ಮನುಷ್ಯನೇ. 2017ರ ಫೆಬ್ರವರಿಯಲ್ಲಿ ಅವನು ಎರಡನೆಯ ಸಲ ಬಂದದ್ದು ತಪಾಸಣೆಗೆ; ಆ ದಿನ ಗುಂಡಿ ಮುಟ್ಟುವ ಶಾಸ್ತ್ರ ಮುಗಿದ ಮೇಲೆ ಕೆಳಗಿನ ಮನೆಯಲ್ಲಿ ಬಹಳ ಹೊತ್ತು ಮಾತು ನಡೆಯಿತು. ಅದರ ಹಿನ್ನೆಲೆಯನ್ನು ಹೇಳಬೇಕಾದರೆ ಮತ್ತೊಮ್ಮೆ ಲಂಡನ್ನಿಗೆ ಹೋಗಿಬರಬೇಕು.

ಕೊಳವೆ ಚೊಕ್ಕಟವಾದರೆ ಒಳಗಿನವರು ಕ್ಷೇಮ. ಹೊರಗೆ ಹೋದ ಹೊಗೆ? 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿ ಸ್ತಬ್ಧವಾಗಿ, ಲಂಡನ್ನಿನ ಲಕ್ಷಾಂತರ ಒಲೆಗಳ ಹೊಗೆಯೂ ಕಾರ್ಖಾನೆಗಳ ಹೊಗೆಯೂ ಮಂಜಿನಲ್ಲಿ ಬೆರೆತು ಬೀದಿಯಲ್ಲೇ ನಿಂತಿತು. ಜಾನುವಾರು ಪ್ರದರ್ಶನಕ್ಕೆ ತಂದ ದನಗಳು ಉಸಿರುಕಟ್ಟಿ ಸತ್ತವು; ನಾಟಕಗೃಹದೊಳಗೆ ಮಬ್ಬು ನುಗ್ಗಿ ಸಂಗೀತನಾಟಕ ನಡುವೆ ನಿಂತಿತು. ಮೊದಲ ಲೆಕ್ಕಕ್ಕೆ ಸತ್ತವರು ನಾಲ್ಕು ಸಾವಿರ; ಆ ಬಳಿಕದ ಸಂಶೋಧಕರು ಹನ್ನೆರಡು ಸಾವಿರದವರೆಗೂ ಹೇಳಿದ್ದಾರೆ. ಸರ್ ಹ್ಯೂ ಬೀವರ್ ಅಧ್ಯಕ್ಷತೆಯ ಸಮಿತಿ ಮನೆಗಳ ಒಲೆಗಳೇ ದೊಡ್ಡ ಅಪರಾಧಿಗಳೆಂದು ಹೇಳಿತು. (ಗಿನ್ನೆಸ್ ದಾಖಲೆಗಳ ಪುಸ್ತಕದ ಕಲ್ಪನೆ ಹೊಳೆದದ್ದೂ ಇದೇ ಬೀವರ್ ಸಾಹೇಬರಿಗೆ.) 1956ರಲ್ಲಿ ಶುದ್ಧವಾಯು ಕಾನೂನು ಬಂತು. ನಗರಸಭೆಗಳು ಹೊಗೆ ನಿಷೇಧದ ವಲಯಗಳನ್ನು ಸಾರಬಹುದು. ಒಲೆ ಬದಲಿಸುವ ಮನೆಯವರಿಗೆ ಖರ್ಚಿನ ಹತ್ತರಲ್ಲಿ ಏಳು ಪಾಲನ್ನು ವಾಪಸು ಕೊಡಬೇಕು. ಒಲೆತೆರಿಗೆಯನ್ನು ಅಟ್ಟಿದ ಜನ ಈ ಸಲ ಬಾಗಿಲು ತೆರೆದರು. ಹಣ ತೆಗೆದುಕೊಳ್ಳಲು ಬಂದವನಿಗೂ ಕೊಡಲು ಬಂದವನಿಗೂ ವ್ಯತ್ಯಾಸವಿರುತ್ತದೆ. 2021ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಮನೆ ಬಳಕೆಗೆ ಚೀಲದ ಕಲ್ಲಿದ್ದಲಿನ ಮಾರಾಟವೇ ನಿಂತಿತು.

ಜರ್ಮನಿಯಲ್ಲಿ ಈ ಹೊಣೆಯೂ ಕಪ್ಪು ಅಂಗಿಯವನ ಹೆಗಲಿಗೇ ಬಿತ್ತು. ಕುಂಚದ ಜೊತೆಗೆ ಅಳೆಯುವ ಯಂತ್ರವೂ ಅವನ ಕೈಗೆ ಬಂತು. 2010ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಸೌದೆಯ ಹಳೆಯ ಒಲೆಯ ಹೊಗೆಯಲ್ಲಿ ಒಂದು ಘನಮೀಟರಿಗೆ 0.15 ಗ್ರಾಮಿಗಿಂತ ಹೆಚ್ಚು ಧೂಳು ಇರಕೂಡದು. ಮೀರುವ ಒಲೆಗಳು ಅವುಗಳ ವಯಸ್ಸಿಗನುಸಾರವಾಗಿ ಸರದಿಯಂತೆ ನಂದಬೇಕು. 1975ಕ್ಕೆ ಮುಂಚಿನವು 2014ರ ಕೊನೆಗೆ, 1975ರಿಂದ 1984ರವರೆಗಿನವು 2017ರ ಕೊನೆಗೆ, ಹೀಗೆ; ಕಟ್ಟಕಡೆಯ ಗಡುವು 2024ರ ಡಿಸೆಂಬರ್ 31. 1950ಕ್ಕಿಂತ ಹಿಂದಿನ ಮುದಿ ಒಲೆಗಳಿಗೆ ವಿನಾಯಿತಿ. ಬೇರೆ ಗತಿಯಿಲ್ಲದೆ ಒಂದೇ ಒಲೆಯಿಂದ ಮನೆ ಕಾಯಿಸಿಕೊಳ್ಳುವವರಿಗೂ ವಿನಾಯಿತಿ.

ಮುದುಕಿಯ ಬೈಠಕ್‌ಖಾನೆಯ ಕಬ್ಬಿಣದ ಒಲೆಯ ಹಿಂಬದಿಯ ತಗಡಿನಲ್ಲಿ 1979 ಎಂದಿತ್ತು. ತೀರಿಕೊಂಡ ಗಂಡ ಕೊಂಡುತಂದದ್ದು. ಮನೆಗೆ ಗ್ಯಾಸಿನ ಏರ್ಪಾಡೂ ಇದ್ದುದರಿಂದ ಬೇರೆ ಗತಿಯಿಲ್ಲವೆನ್ನುವಂತಿಲ್ಲ. ಐದು ವರ್ಷದ ಹಿಂದೆಯೇ ಕಾಗದ ಬರೆದುಕೊಟ್ಟಿದ್ದೆನಲ್ಲ ಎಂದು ಅವನು ಹೇಳಿದ. ಆ ಕಾಗದ ಆಕೆಯ ಮೇಜಿನ ಸೆಳೆಖಾನೆಯಲ್ಲಿ ಭದ್ರವಾಗಿತ್ತು. ಹೊಗೆ ಸೋಸುವ ಸಾಧನ ಹಾಕಿಸಬಹುದು, ಇಲ್ಲವೇ ಅಳತೆ ಮಾಡಿಸಿ ನೋಡಬಹುದು. ಎರಡಕ್ಕೂ ಒಲೆಯ ಬೆಲೆಗಿಂತ ಹೆಚ್ಚು ತಗಲುತ್ತದೆ ಎಂದೂ ಹೇಳಿದ. ಆಕೆ ವಾದಿಸಲಿಲ್ಲ. "ಭಾಗ್ಯ ತರುವವನೆಂದು ಗುಂಡಿ ಮುಟ್ಟಿದೆ, ಒಲೆ ಹೊತ್ತುಕೊಂಡು ಹೋಗುತ್ತಾನೆ" ಎಂದಷ್ಟೇ ನನ್ನ ಮಗಳಿಗೆ ಹೇಳಿ ನಕ್ಕಳು. ನನಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಅಕ್ಟೋಬರಿನ ಬುಟ್ಟಿಯನ್ನು ಕಂಡಿದ್ದರಿಂದ ಬರಲಿಲ್ಲ. ಮುದುಕಿಯ ಒಲೆಯ ಮುಂದೆ ಕುಳಿತಾಗಿನ ಆ ಕೆಂಪು ಬೆಳಕನ್ನು ನೆನೆದರೆ ಒಪ್ಪಿಗೆಯೂ ಪೂರ್ತಿ ಬಾರದು.

ಊರಿಗೆ ಮರಳಿದ ಮೇಲೆ ಅಕ್ಕನ ಮನೆಗೆ ಹೋಗಿದ್ದೆ. ತುಮಕೂರು ಜಿಲ್ಲೆಯ ಹಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಕೇಂದ್ರ ಗ್ರಾಮಗಳಿಗಾಗಿ ಕೆಲಸ ಮಾಡಿದ್ದು, ಅದೇ ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಶಾಖೆಯಿದ್ದದ್ದು, ಅಲ್ಲಿನ ವಿಜ್ಞಾನಿಗಳು ಮೂರು ಪಾತ್ರೆ ಇಡುವ, ಕಡಿಮೆ ಸೌದೆ ಬೇಡುವ, ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದ್ದು ಹಲವರಿಗೆ ನೆನಪಿರಬಹುದು. ಮುಂದಿನ ದಶಕದಲ್ಲಿ ಹೊಗೆಯಿಲ್ಲದ ಒಲೆಗಳ ಗಾಳಿ ಎಲ್ಲೆಡೆ ಬೀಸಿತು. ಅಕ್ಕನ ಮನೆಗೂ ಕೊಳವೆಯ ಒಲೆಯೊಂದು ಬಂತು. ಊರಿನ ಗಾರೆಯವನೇ ಕಟ್ಟಿಕೊಟ್ಟ. ಮೊದಲ ಎರಡು ವರ್ಷ ಅಡಿಗೆಮನೆಯ ಗೋಡೆ ಸುಣ್ಣ ಬಳಿದಂತೆಯೇ ಉಳಿದಿತ್ತೆಂದು ಅಕ್ಕ ಇಂದಿಗೂ ಹೇಳುತ್ತಾಳೆ. ಮೂರನೆಯ ವರ್ಷ ಹೊಗೆ ಹಿಂದಕ್ಕೆ ನುಗ್ಗತೊಡಗಿತು. ಕೊಳವೆಗೆ ಮಸಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಗುಡಿಸಬೇಕು ಎಂಬುದು ನಮಗೆ ಯಾರಿಗೂ ತೋಚಲಿಲ್ಲ. ಭಾವ ಬೈದುಕೊಂಡು ಆ ಒಲೆಯನ್ನು ಒಡೆಸಿ ಮೂರು ಕಲ್ಲನ್ನು ಮತ್ತೆ ಹೂಡಿಸಿದರು. ಆಮೇಲೆ ಗ್ಯಾಸು ಬಂತು. ಅಷ್ಟು ಹೊತ್ತಿಗೆ ಅಕ್ಕನ ಎದೆಯಲ್ಲಿ ಕೆಮ್ಮು ಮನೆಮಾಡಿತ್ತು.

ಜಗಲಿಯಲ್ಲಿ ಕುಳಿತು ಜರ್ಮನಿಯ ಕಥೆಯನ್ನೆಲ್ಲ ಹೇಳಿದೆ. ಗುಂಡಿಗಳ ವಿಷಯ, ಗೂಡಿನ ವಿಷಯ, ಮುದುಕಿಯ ಒಲೆಯ ವಿಷಯ. ಅಕ್ಕ ಎಲ್ಲವನ್ನೂ ಕೇಳಿ, "ಅವನು ಒಂದು ಸಲ ಬಂದುಹೋದರೆ ಎಷ್ಟು ಕೊಡುತ್ತಾರೆ?" ಎಂದಳು. ರೂಪಾಯಿಯ ಲೆಕ್ಕದಲ್ಲಿ ಹೇಳಿದೆ. ಅಕ್ಕ ಬಾಯಿಯ ಮೇಲೆ ಬೆರಳಿಟ್ಟುಕೊಂಡಳು. ಕೆಮ್ಮು ಬಂತು; ಅದು ನಿಲ್ಲುವವರೆಗೆ ಕಾದು, ಸೆರಗಿನಿಂದ ಕಣ್ಣೊರಸಿಕೊಂಡು, "ಕೊಡಬಹುದಾಗಿತ್ತು ಕಣೋ" ಎಂದಳು.